ಟ್ಯಾಂಕಿ ತುಂಬದೆ ಕೂಗಿದ ಬಝರ್: ಸರ್ಕ್ಯೂಟಿನ ತಪ್ಪನ್ನು ಮೀಟರ್ ಹಿಡಿದು ಹುಡುಕುವ ಬಗೆ

ಜುಲೈ ತಿಂಗಳ ಒಂದು ಸಂಜೆ. ಹೊರಗೆ ಮಳೆ ಬಿಡದೆ ಸುರಿಯುತ್ತಿತ್ತು. ಪಕ್ಕದ ಮನೆಯ ಹುಡುಗ ಸಣ್ಣದೊಂದು ಪ್ಲಾಸ್ಟಿಕ್ ಡಬ್ಬಿಯನ್ನು ಅಂಗಿಯೊಳಗೆ ಮುಚ್ಚಿಕೊಂಡು ನಮ್ಮ ಜಗಲಿಗೆ ಓಡಿ ಬಂದ. "ಮಾವ, ಟ್ರಾನ್ಸಿಸ್ಟರ್ ಮೂರು ಸಲ ಬದಲಾಯಿಸಿ ಆಯ್ತು. ಆದ್ರೂ ಹಾಗೇ ಉಂಟು" ಅಂದ.

ಡಬ್ಬಿಯಲ್ಲಿದ್ದದ್ದು ಅವನೇ ಮಾಡಿದ ಟ್ಯಾಂಕಿ ಅಲಾರಂ. ಉಡುಪಿಯಿಂದ ಮಲ್ಪೆಗೆ ಬರುವ ನಮ್ಮ ಈ ಕಡೆ ಹೆಚ್ಚಿನ ಮನೆಗಳಲ್ಲಿ ಬಾವಿ ಇದೆ, ಪಂಪು ಇದೆ, ಟೆರೇಸಿನ ಮೇಲೆ ಟ್ಯಾಂಕಿ ಇದೆ. ಪಂಪು ಹಾಕಿ ಮರೆತುಬಿಡುವುದೂ ಮಾಮೂಲಿ. ಟ್ಯಾಂಕಿ ತುಂಬಿದ ಕೂಡಲೇ ಅಡುಗೆಮನೆಯಲ್ಲಿ ಬಝರ್ ಕೂಗಲಿ ಅಂತ ಪಿಯುಸಿ ಓದುವ ಈ ಹುಡುಗ ರಜೆಯಲ್ಲಿ ಕೂತು ಅದನ್ನು ಮಾಡಿದ್ದ. ಮೇ ತಿಂಗಳಿಡೀ ಚೆನ್ನಾಗಿ ಕೆಲಸ ಮಾಡಿತ್ತು. ಮಳೆ ಹಿಡಿದ ಮೇಲೆ ಟ್ಯಾಂಕಿ ಅರ್ಧ ಇರುವಾಗಲೇ ಸಣ್ಣಗೆ ಕೀಂಗುಡಲು ಶುರುಮಾಡಿತು. ರಾತ್ರಿಯೂ ನಿಲ್ಲುತ್ತಿರಲಿಲ್ಲ.

ಎಲೆಕ್ಟ್ರಾನಿಕ್ಸ್ ಹವ್ಯಾಸ ಹಿಡಿದ ಹೊಸತರಲ್ಲಿ ಎಲ್ಲರೂ ಮಾಡುವುದನ್ನೇ ಅವನೂ ಮಾಡಿದ್ದ. ಅನುಮಾನ ಬಂದ ಬಿಡಿಭಾಗವನ್ನು ಕಿತ್ತು ಹೊಸದು ಹಾಕಿದ್ದ. ನಾನು ಅವನಿಗೆ ಹೇಳಿದ್ದು ಒಂದೇ ಮಾತು. ವೋಲ್ಟೇಜ್ ಎಲ್ಲಿಯವರೆಗೆ ಸರಿಯಾಗಿ ಬಂದಿದೆ, ಎಲ್ಲಿಂದ ದಾರಿ ತಪ್ಪಿದೆ, ಅದನ್ನು ಮೊದಲು ನೋಡು. ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್ ಆಮೇಲೆ ಬಿಸಿ ಮಾಡುವಾ.

ಆ ಸಂಜೆ ನಾವಿಬ್ಬರೂ ನೋಡಿದ್ದನ್ನು ಇಲ್ಲಿ ಬಿಡಿಸಿ ಬರೆಯುತ್ತೇನೆ. ನೀವು ಮಾಡಿದ ಸರ್ಕ್ಯೂಟ್ ಬೇರೆಯದೇ ಇರಬಹುದು. ಹುಡುಕುವ ದಾರಿ ಇದೇ.

ಡಬ್ಬಿಯೊಳಗೆ ಏನಿತ್ತು

ಒಂದು 9 ವೋಲ್ಟ್ ಬ್ಯಾಟರಿ. ಒಂದು ಬಝರ್. ಬಿಸಿ547 ಅನ್ನುವ ಒಂದು ಟ್ರಾನ್ಸಿಸ್ಟರ್. ಕರೆಂಟಿಗೆ ತಡೆ ಒಡ್ಡುವ, 10 ಕಿಲೋ ಓಮ್‌ನ ಒಂದು ರೆಸಿಸ್ಟರ್ (ಓಮ್ ಅಂದರೆ ತಡೆಯ ಅಳತೆ, ಕಿಲೋ ಅಂದರೆ ಸಾವಿರ). ಬ್ಯಾಟರಿ ಇದೆ ಅಂತ ತೋರಿಸಲು ಒಂದು ಕೆಂಪು ಎಲ್‌ಇಡಿ, ಅದಕ್ಕೊಂದು 470 ಓಮ್ ರೆಸಿಸ್ಟರ್. ಟೆರೇಸಿಗೆ ಹೋಗುವ ಎರಡು ವಯರ್. ಇಷ್ಟೇ.

ಕೆಲಸ ಮಾಡುವುದು ಹೀಗೆ. ಎರಡು ವಯರಿನ ತುದಿಗಳು ಟ್ಯಾಂಕಿಯ ಬಾಯಿಯ ಹತ್ತಿರ ನೇತಾಡುತ್ತವೆ. ಒಂದು ವಯರ್ ಬ್ಯಾಟರಿಯ ಪ್ಲಸ್‌ನಿಂದ ಹೋಗಿದೆ. ಇನ್ನೊಂದು ಕೆಳಗೆ ಬಂದು 10 ಕಿಲೋ ಓಮ್ ರೆಸಿಸ್ಟರ್ ದಾಟಿ ಟ್ರಾನ್ಸಿಸ್ಟರಿನ ಬೇಸ್ ಕಾಲಿಗೆ ಸೇರುತ್ತದೆ. ನೀರು ಏರಿ ಎರಡೂ ತುದಿಗಳನ್ನು ಮುಟ್ಟಿದರೆ ನೀರಿನ ಮೂಲಕ ಚೂರೇ ಚೂರು ಕರೆಂಟ್ ಹರಿದು ಬೇಸ್‌ಗೆ ಬರುತ್ತದೆ. ಆ ಚೂರು ಕರೆಂಟ್ ಬಂದ ಕೂಡಲೇ ಟ್ರಾನ್ಸಿಸ್ಟರ್ ತನ್ನ ಇನ್ನೆರಡು ಕಾಲುಗಳಾದ ಕಲೆಕ್ಟರ್ ಮತ್ತು ಎಮಿಟರ್ ನಡುವಿನ ದಾರಿಯನ್ನು ತೆರೆಯುತ್ತದೆ. ಎಮಿಟರ್ ಕಾಲು ಬ್ಯಾಟರಿಯ ಮೈನಸ್‌ಗೆ ಸೇರಿದೆ, ಕಲೆಕ್ಟರ್ ಕಡೆಯ ದಾರಿಯಲ್ಲಿ ಬಝರ್ ಕೂತಿದೆ. ಅದು ಕೂಗುತ್ತದೆ.

ಬಿಸಿ547ಗೆ ಬೇಸ್‌ನಲ್ಲಿ ಕೊಟ್ಟ ಕರೆಂಟಿನ ನೂರಾರು ಪಟ್ಟು ಕರೆಂಟನ್ನು ಕಲೆಕ್ಟರ್‌ನಲ್ಲಿ ಹರಿಸುವ ಶಕ್ತಿ ಇದೆ. ಈ ಪಟ್ಟು ಬಿಡಿ ಬಿಡಿಗೆ ಬೇರೆ, 110ರಿಂದ 800ರವರೆಗೆ ಇರಬಹುದು. ಒಂದೇ ಪೊಟ್ಟಣದ ಎರಡು ಟ್ರಾನ್ಸಿಸ್ಟರುಗಳೂ ಒಂದೇ ತರ ಇರುವುದಿಲ್ಲ. ಹುಡುಗ ಟ್ರಾನ್ಸಿಸ್ಟರ್ ಬದಲಾಯಿಸಿದಾಗ ಕೂಗು ಒಮ್ಮೆ ಸಣ್ಣದಾಗಿ, ಒಮ್ಮೆ ದೊಡ್ಡದಾಗಿ ಕೇಳಿಸಿದ್ದು ಅದಕ್ಕೇ. "ಸ್ವಲ್ಪ ಸರಿಯಾಯ್ತು" ಅಂತ ಅವನಿಗೆ ಅನ್ನಿಸಿದ್ದೂ ಅದಕ್ಕೇ. ಕಣ್ಣುಮುಚ್ಚಿ ಭಾಗ ಬದಲಾಯಿಸುವುದರಲ್ಲಿ ಇರುವ ದೊಡ್ಡ ತೊಂದರೆ ಇದು. ಸುಳ್ಳು ಭರವಸೆ ಕೊಡುತ್ತದೆ.

ಮೊದಲು ಕಾಲು ಸರಿ ಇದೆಯಾ ನೋಡಿದೆವು. ಬಿಸಿ547ರ ಚಪ್ಪಟೆ ಮುಖ ನಿಮ್ಮ ಕಡೆ ಇರಲಿ, ಕಾಲುಗಳು ಕೆಳಗಿರಲಿ. ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. ಅಂಗಡಿಯಲ್ಲಿ ಅದರ ಬದಲಿಗೆ 2ಎನ್3904 ಕೊಟ್ಟರೆ ಜಾಗ್ರತೆ. ನೋಡಲು ಹಾಗೇ ಇರುತ್ತದೆ, ಕಾಲುಗಳು ಉಲ್ಟಾ: ಎಮಿಟರ್, ಬೇಸ್, ಕಲೆಕ್ಟರ್. ಎಷ್ಟೋ ಹೊಸ ಸರ್ಕ್ಯೂಟುಗಳು ಮೊದಲ ದಿನವೇ ಹಠ ಹಿಡಿಯುವುದು ಇಲ್ಲಿ. ನಮ್ಮ ಹುಡುಗ ಇದನ್ನು ಸರಿಯಾಗಿಯೇ ಹಾಕಿದ್ದ.

ಮೀಟರ್ ಮೊದಲು ಸರಿಯಾಗಿ ಹಿಡಿಯೋಣ

ಅವನ ಹತ್ತಿರ ಇದ್ದದ್ದು ಎಲ್ಲ ಕಡೆ ಸಿಗುವ ಆ ಹಳದಿ ಬಣ್ಣದ ಅಗ್ಗದ ಮಲ್ಟಿಮೀಟರ್, ವೋಲ್ಟೇಜ್, ಕರೆಂಟ್, ಓಮ್ ಮೂರನ್ನೂ ಅಳೆಯುವಂಥದ್ದು. ಈ ಕೆಲಸಕ್ಕೆ ಅದು ಧಾರಾಳ ಸಾಕು. ಆದರೆ ಒಂದು ಮಾತನ್ನು ನಾನು ಯಾರು ಸಿಕ್ಕಿದರೂ ಹೇಳುತ್ತೇನೆ. ಕೆಂಪು ವಯರ್ 10 ಆಂಪಿಯರ್ ತೂತಿನಲ್ಲಿ ಇರುವಾಗ ವೋಲ್ಟೇಜ್ ಅಳೆಯಲು ಹೋಗಬೇಡಿ. ಆ ತೂತಿನ ಒಳಗೆ ಬರೀ ಒಂದು ದಪ್ಪ ತಂತಿಯ ತುಂಡು ಇರುತ್ತದೆ ಅಂದುಕೊಳ್ಳಿ. ಬ್ಯಾಟರಿಗೆ ಮುಟ್ಟಿಸಿದರೆ ನೇರ ಶಾರ್ಟ್. ಅಗ್ಗದ ಮೀಟರುಗಳಲ್ಲಿ ಅದಕ್ಕೆ ಫ್ಯೂಸ್ ಕೂಡ ಇರುವುದಿಲ್ಲ. ಗೋಡೆಯ ಪ್ಲಗ್ಗಿಗೆ ಹಾಗೆ ಚುಚ್ಚಿದರೆ ಮೀಟರ್ ಕೈಯಲ್ಲೇ ಸಿಡಿಯಬಹುದು.

ಓಮ್ ಅಳೆಯುವಾಗ ಮತ್ತು ಬೀಪ್ ನೋಡುವಾಗ (ದಾರಿ ಕಡಿಯದೆ ಇದ್ದರೆ ಮೀಟರ್ ಬೀಪ್ ಅನ್ನುವ ಪರೀಕ್ಷೆ) ಬ್ಯಾಟರಿ ತೆಗೆದಿರಬೇಕು. ಆಗ ಮೀಟರ್ ತನ್ನದೇ ಬ್ಯಾಟರಿಯಿಂದ ಕರೆಂಟ್ ಬಿಟ್ಟು ನೋಡುತ್ತಿರುತ್ತದೆ. ನಡುವೆ ಬೇರೆ ವೋಲ್ಟೇಜ್ ಬಂದರೆ ಅದು ತೋರಿಸುವ ಅಂಕಿಗೆ ಅರ್ಥವೇ ಇರುವುದಿಲ್ಲ. ವೋಲ್ಟೇಜ್ ಅಳೆಯುವಾಗ ಮಾತ್ರ ಸರ್ಕ್ಯೂಟ್ ಆನ್ ಇರಬೇಕು, ಕಪ್ಪು ವಯರ್ ಬ್ಯಾಟರಿಯ ಮೈನಸ್‌ನಲ್ಲಿ ಊರಿರಬೇಕು, ಕೆಂಪು ಮಾತ್ರ ಓಡಾಡಬೇಕು.

ವೋಲ್ಟೇಜ್ ಅಂದರೆ ಟ್ಯಾಂಕಿಯ ಎತ್ತರ ಇದ್ದ ಹಾಗೆ. ಟೆರೇಸಿನ ಟ್ಯಾಂಕಿಗೂ ಕೆಳಗಿನ ನಲ್ಲಿಗೂ ಎತ್ತರದ ವ್ಯತ್ಯಾಸ ಇರುವುದರಿಂದ ನೀರು ಬರುತ್ತದೆ, ಅಲ್ವಾ. ಹರಿಯುವ ನೀರು ಕರೆಂಟ್. ನಡುವಿನ ಸಪೂರ ಪೈಪು ರೆಸಿಸ್ಟರ್. ಎತ್ತರವನ್ನು ಯಾವಾಗಲೂ ಎರಡು ಜಾಗಗಳ ನಡುವೆ ಅಳೆಯಬೇಕು. "ಇಲ್ಲಿ 5 ವೋಲ್ಟ್ ಇದೆ" ಅಂದರೆ "ಮೈನಸ್‌ಗಿಂತ 5 ವೋಲ್ಟ್ ಮೇಲಿದೆ" ಅಂತಲೇ ಅರ್ಥ.

ಮೊದಲ ಅಳತೆ ಬ್ಯಾಟರಿಯದು. ಅದನ್ನು ಸರ್ಕ್ಯೂಟಿಗೆ ಜೋಡಿಸಿ ಇಟ್ಟೇ ಅಳೆಯಿರಿ. ಹಳೇ 9 ವೋಲ್ಟ್ ಬ್ಯಾಟರಿಯನ್ನು ಬಿಡಿಯಾಗಿ ಅಳೆದರೆ 8 ವೋಲ್ಟಿಗಿಂತ ಜಾಸ್ತಿಯೇ ತೋರಿಸಬಹುದು. ಲೋಡ್ ಕೊಟ್ಟ ಕೂಡಲೇ, ಅಂದರೆ ಕರೆಂಟ್ ಎಳೆಯುವ ಏನನ್ನಾದರೂ ಜೋಡಿಸಿದ ಕೂಡಲೇ, 5ಕ್ಕೋ 4ಕ್ಕೋ ಕುಸಿಯುತ್ತದೆ. ಸೆಲ್ಲು ಹಳತಾದ ಹಾಗೆ ಅದರ ಒಳಗಿನ ತಡೆ ಹೆಚ್ಚುತ್ತದೆ. ಕರೆಂಟ್ ಹರಿಯುವಾಗ ವೋಲ್ಟೇಜಿನ ದೊಡ್ಡ ಪಾಲು ಅಲ್ಲೇ ಖರ್ಚಾಗುತ್ತದೆ. ನಮ್ಮದು ಜೋಡಿಸಿಟ್ಟಾಗಲೂ 8.8 ವೋಲ್ಟ್ ಇತ್ತು. ಬ್ಯಾಟರಿ ಸರಿ ಇದೆ ಅಂತಾಯಿತು.

ಎಲ್‌ಇಡಿಯೂ ಉರಿಯುತ್ತಿತ್ತು. ಹುಡುಗನಿಗೆ ಅದರ ರೆಸಿಸ್ಟರ್ ಯಾಕೆ 470 ಓಮ್ ಅಂತ ಗೊತ್ತಿರಲಿಲ್ಲ, ಎಲ್ಲೋ ನೋಡಿ ಹಾಕಿದ್ದ. ಲೆಕ್ಕ ಸುಲಭ. ಕೆಂಪು ಎಲ್‌ಇಡಿ ತನ್ನ ಪಾಲಿಗೆ ಸುಮಾರು 2 ವೋಲ್ಟ್ ಇಟ್ಟುಕೊಳ್ಳುತ್ತದೆ. 9ರಲ್ಲಿ 2 ಹೋದರೆ 7. ಆ 7 ವೋಲ್ಟನ್ನು ರೆಸಿಸ್ಟರ್ ತಡೆದುಕೊಳ್ಳಬೇಕು. 7ನ್ನು 470ರಿಂದ ಭಾಗಿಸಿದರೆ ಸುಮಾರು 15 ಮಿಲಿ ಆಂಪಿಯರ್. ಎಲ್‌ಇಡಿಗೆ ಅದು ಹಿತವಾದ ಕರೆಂಟ್. ವೋಲ್ಟೇಜನ್ನು ಓಮ್‌ನಿಂದ ಭಾಗಿಸಿದರೆ ಕರೆಂಟ್. ಜರ್ಮನಿಯ ಜಾರ್ಜ್ ಓಮ್ 1827ರಲ್ಲಿ ಪ್ರಕಟಿಸಿದ ಈ ಒಂದು ಲೆಕ್ಕ ಗೊತ್ತಿದ್ದರೆ ಹವ್ಯಾಸಿಯ ಮುಕ್ಕಾಲು ಪಾಲು ಕೆಲಸ ಆಗಿಹೋಗುತ್ತದೆ. ಬಿಳಿ ಅಥವಾ ನೀಲಿ ಎಲ್‌ಇಡಿ ಆದರೆ 2ರ ಜಾಗದಲ್ಲಿ 3 ಇಟ್ಟು ಲೆಕ್ಕ ಹಾಕಿ.

ರೆಸಿಸ್ಟರಿನ ಬಣ್ಣಗಳನ್ನು ಓದುವಾಗ 470 ಅಂದರೆ ಹಳದಿ, ನೇರಳೆ, ಕಂದು. 10 ಕಿಲೋ ಅಂದರೆ ಕಂದು, ಕಪ್ಪು, ಕಿತ್ತಳೆ. ಒಂದು ಕಿಲೋಗೂ ಹತ್ತು ಕಿಲೋಗೂ ಇರುವ ವ್ಯತ್ಯಾಸ ಕೊನೆಯ ಪಟ್ಟಿ ಕೆಂಪೋ ಕಿತ್ತಳೆಯೋ ಅನ್ನುವುದರಲ್ಲಿ ಮಾತ್ರ. ಟ್ಯೂಬ್‌ಲೈಟಿನ ಬೆಳಕಿನಲ್ಲಿ ಎರಡೂ ಒಂದೇ ತರ ಕಾಣಿಸುತ್ತವೆ. ಸೋಲ್ಡರ್ ಮಾಡುವ ಮೊದಲು ಮೀಟರಿನಲ್ಲಿ ಒಮ್ಮೆ ಅಳೆದುಬಿಡಿ, ಕಣ್ಣನ್ನು ನಂಬಬೇಡಿ.

ನಡುವಿನಿಂದ ಹುಡುಕು

ಈಗ ಮುಖ್ಯವಾದ ಭಾಗಕ್ಕೆ ಬರೋಣ. ಸರ್ಕ್ಯೂಟನ್ನು ಮನಸ್ಸಿನಲ್ಲಿ ಎರಡು ಮಾಡಬೇಕು. ನಮ್ಮ ಅಲಾರಂನ ನಡುಭಾಗ ಟ್ರಾನ್ಸಿಸ್ಟರಿನ ಬೇಸ್. ಅದರ ಆಚೆಗೆ ನೀರು, ಉದ್ದದ ವಯರ್, 10 ಕಿಲೋ ರೆಸಿಸ್ಟರ್. ಈಚೆಗೆ ಟ್ರಾನ್ಸಿಸ್ಟರ್ ಮತ್ತು ಬಝರ್. ತಪ್ಪು ಇರುವುದು ಆಚೆಯೋ ಈಚೆಯೋ? ಇದು ಗೊತ್ತಾದರೆ ಅರ್ಧ ಸರ್ಕ್ಯೂಟನ್ನು ನೋಡುವ ಅಗತ್ಯವೇ ಇಲ್ಲ.

ಇದನ್ನು ತಿಳಿಯಲು ಒಂದು ಸಣ್ಣ ತಂತಿಯ ತುಂಡು ಸಾಕು. ಅಲಾರಂ ಆನ್ ಇರುವಾಗಲೇ ಬೇಸ್ ಮತ್ತು ಎಮಿಟರ್ ಕಾಲುಗಳನ್ನು ಆ ತಂತಿಯಿಂದ ಒಂದಕ್ಕೊಂದು ಮುಟ್ಟಿಸಿ. ಬೇಸ್‌ಗೆ ಬರುವ ಕರೆಂಟ್ ಪೂರ್ತಿ ತಂತಿಯ ಮೂಲಕ ಮೈನಸ್‌ಗೆ ಹೋಗಿಬಿಡುತ್ತದೆ. ಟ್ರಾನ್ಸಿಸ್ಟರ್ ಒಳ್ಳೆಯದಿದ್ದರೆ ಬಝರ್ ತಕ್ಷಣ ಸುಮ್ಮನಾಗಬೇಕು. ಸುಮ್ಮನಾಗದಿದ್ದರೆ ಟ್ರಾನ್ಸಿಸ್ಟರ್ ಒಳಗೇ ಶಾರ್ಟ್ ಆಗಿದೆ.

ಹುಡುಗ ತಂತಿ ಮುಟ್ಟಿಸಿದ. ಕೀಂಗುಡುವುದು ನಿಂತಿತು. ತೆಗೆದ. ಮತ್ತೆ ಶುರುವಾಯಿತು. "ಹಾಗಾದ್ರೆ ಟ್ರಾನ್ಸಿಸ್ಟರ್ ಸರಿ ಉಂಟು" ಅಂದ. ಕಿತ್ತುಹಾಕಿದ ಆ ಮೂರೂ ಸರಿಯೇ ಇದ್ದವು.

ಬಝರ್ ಕೂಗುವುದೇ ಇಲ್ಲ ಅನ್ನುವ ತೊಂದರೆ ಆಗಿದ್ದರೆ ಇನ್ನೊಂದು ತಂತಿ ಪರೀಕ್ಷೆ ಇದೆ. ಕಲೆಕ್ಟರ್ ಮತ್ತು ಎಮಿಟರ್ ಕಾಲುಗಳನ್ನು ಮುಟ್ಟಿಸಿ. ಟ್ರಾನ್ಸಿಸ್ಟರಿನ ಕೆಲಸವನ್ನು ತಂತಿಯೇ ಮಾಡುತ್ತದೆ. ಬಝರ್ ಕೂಗಿದರೆ ಬಝರ್, ಬ್ಯಾಟರಿ ಎರಡೂ ಸರಿ. ಕೂಗದಿದ್ದರೆ ಬಝರಿನ ಪ್ಲಸ್ ಮೈನಸ್ ಉಲ್ಟಾ ಆಗಿದೆಯಾ, ಸೋಲ್ಡರ್ ಬಿಟ್ಟಿದೆಯಾ ನೋಡಿ. ಬೇಸ್ ಕಾಲನ್ನು ಮಾತ್ರ ಯಾವತ್ತೂ ನೇರವಾಗಿ ಬ್ಯಾಟರಿಯ ಪ್ಲಸ್‌ಗೆ ಮುಟ್ಟಿಸಬಾರದು. ತಡೆಯುವ ರೆಸಿಸ್ಟರ್ ಇಲ್ಲದೆ ಟ್ರಾನ್ಸಿಸ್ಟರ್ ಆ ಕ್ಷಣವೇ ಸುಟ್ಟುಹೋಗುತ್ತದೆ.

ಆಮೇಲೆ ಮೀಟರ್ ಇಟ್ಟೆವು. ಬೇಸ್‌ನಲ್ಲಿ 0.6 ವೋಲ್ಟ್. ಈ ಅಂಕಿಯನ್ನು ನೆನಪಿಡಿ. ಸಿಲಿಕಾನ್ ಟ್ರಾನ್ಸಿಸ್ಟರ್ ಎಚ್ಚರವಾಗುವುದು ಬೇಸ್ ತನ್ನ ಎಮಿಟರಿಗಿಂತ 0.6ರಿಂದ 0.7 ವೋಲ್ಟ್ ಮೇಲೆ ಹೋದಾಗ. ಟ್ಯಾಂಕಿ ತುಂಬದೆ ಇರುವಾಗ ಬೇಸ್‌ನಲ್ಲಿ ಸೊನ್ನೆ ಇರಬೇಕಿತ್ತು. ಟೆರೇಸಿನಿಂದ ಬಂದ ವಯರನ್ನು ಡಬ್ಬಿಯಿಂದ ಬಿಚ್ಚಿದೆವು. ಬೇಸ್ ಸೊನ್ನೆಗೆ ಇಳಿಯಿತು, ಬಝರ್ ನಿಂತಿತು. ಡಬ್ಬಿಯೊಳಗೆ ಏನೂ ತಪ್ಪಿಲ್ಲ. ತಪ್ಪು ಇರುವುದು ಟೆರೇಸಿಗೆ ಹೋಗುವ ದಾರಿಯಲ್ಲಿ.

ಎಷ್ಟು ಕರೆಂಟ್ ಸೋರುತ್ತಿದೆ ಅಂತ ನೋಡಲು ಒಂದು ಉಪಾಯ ಮಾಡಿದೆವು. ನನಗೆ ತುಂಬ ಇಷ್ಟವಾದ ಉಪಾಯ ಇದು. ಕರೆಂಟ್ ಅಳೆಯಬೇಕಾದರೆ ವಯರ್ ಕತ್ತರಿಸಿ ನಡುವೆ ಮೀಟರ್ ಹಾಕಬೇಕು ಅಂತ ಪುಸ್ತಕ ಹೇಳುತ್ತದೆ. ಆದರೆ ದಾರಿಯಲ್ಲಿ ಬೆಲೆ ಗೊತ್ತಿರುವ ರೆಸಿಸ್ಟರ್ ಒಂದು ಆಗಲೇ ಕೂತಿದ್ದರೆ ಏನನ್ನೂ ಕತ್ತರಿಸಬೇಕಾಗಿಲ್ಲ. ವಯರನ್ನು ಮತ್ತೆ ಜೋಡಿಸಿ 10 ಕಿಲೋ ಓಮ್ ರೆಸಿಸ್ಟರಿನ ಎರಡು ತುದಿಗಳ ನಡುವೆ ವೋಲ್ಟೇಜ್ ಅಳೆದೆವು. 0.2 ವೋಲ್ಟ್ ಬಂತು. 0.2ನ್ನು 10,000ದಿಂದ ಭಾಗಿಸಿದರೆ 20 ಮೈಕ್ರೋ ಆಂಪಿಯರ್. ಒಂದು ಆಂಪಿಯರಿನ ಹತ್ತು ಲಕ್ಷ ಪಾಲು ಮಾಡಿ ಅದರಲ್ಲಿ ಇಪ್ಪತ್ತು ಪಾಲು. ಟ್ರಾನ್ಸಿಸ್ಟರ್ ಅದನ್ನು 250 ಪಟ್ಟು ಮಾಡಿದರೂ 5 ಮಿಲಿ ಆಂಪಿಯರ್ ಆಗುತ್ತದೆ. ಜೋರಾಗಿ ಕೂಗಲು ಸಾಲದು, ಕೀಂಗುಡಲು ಸಾಕು. ನಾವು ಕಿವಿಯಲ್ಲಿ ಕೇಳಿದ್ದೂ ಲೆಕ್ಕದಲ್ಲಿ ಬಂದದ್ದೂ ಒಂದಕ್ಕೊಂದು ತಾಳೆಯಾದಾಗ ಹುಡುಗನ ಮುಖ ಅರಳಿತು.

ಟೆರೇಸಿನ ಮೇಲೆ

ಮಳೆ ಸ್ವಲ್ಪ ಬಿಟ್ಟಾಗ ಮೇಲೆ ಹೋದೆವು. ಟ್ಯಾಂಕಿಯ ಪಕ್ಕದಲ್ಲಿ ಎರಡೂ ವಯರುಗಳಿಗೆ ಜಾಯಿಂಟ್ ಕೊಟ್ಟು ಒಟ್ಟಿಗೆ ಇನ್ಸುಲೇಶನ್ ಟೇಪ್ ಸುತ್ತಿದ್ದ. ಟೇಪ್ ಬಿಚ್ಚಿದರೆ ಒಳಗೆ ನೀರು. ತಾಮ್ರದ ಎಳೆಗಳ ಮೇಲೆ ಹಸಿರು ಕಿಲುಬು. ಮೀಟರನ್ನು ಓಮ್‌ಗೆ ತಿರುಗಿಸಿ, ನೀರಿಗೆ ಹೋಗುವ ತುದಿಗಳನ್ನು ಬಿಡಿಸಿ, ಬರೀ ಜಾಯಿಂಟನ್ನು ಅಳೆದೆವು. ಏನೂ ತೋರಿಸಬಾರದಿತ್ತು. 400 ಕಿಲೋ ಓಮ್ ಆಸುಪಾಸಿನಲ್ಲಿ ಅಂಕಿ ಓಡಾಡುತ್ತಿತ್ತು. ಟ್ಯಾಂಕಿಯ ನೀರಿಗಿಂತ ಮೊದಲೇ ಟೇಪಿನೊಳಗಿನ ನೀರು ಎರಡು ವಯರುಗಳ ನಡುವೆ ಸೇತುವೆ ಕಟ್ಟಿತ್ತು.

ನಮ್ಮ ಕರಾವಳಿಯ ಎಲೆಕ್ಟ್ರಾನಿಕ್ಸಿಗೆ ಇದೇ ದೊಡ್ಡ ಕಾಯಿಲೆ. ವರ್ಷಕ್ಕೆ 3,500 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಊರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುತ್ತದೆ. ಅದರ ಮೇಲೆ ಸಮುದ್ರದ ಗಾಳಿಯ ಉಪ್ಪು. ಉಪ್ಪು ಗಾಳಿಯ ಪಸೆಯನ್ನು ಎಳೆದುಕೊಳ್ಳುತ್ತದೆ, ಆ ಪಸೆಯಲ್ಲಿ ಕರಗಿ ಕರೆಂಟ್ ಹರಿಯಲು ದಾರಿ ಮಾಡುತ್ತದೆ. ಬೇರೆ ಊರಿನಲ್ಲಿ ವರ್ಷಗಟ್ಟಲೆ ನಡೆಯುವ ಸರ್ಕ್ಯೂಟ್ ಇಲ್ಲಿ ಒಂದು ಮಳೆಗಾಲಕ್ಕೆ ತಡವರಿಸುತ್ತದೆ. ಸೋಲ್ಡರ್ ಇಲ್ಲದೆ ಬಿಡಿಭಾಗಗಳನ್ನು ಚುಚ್ಚಿ ಜೋಡಿಸುವ ಬ್ರೆಡ್‌ಬೋರ್ಡಿನ ಕ್ಲಿಪ್ಪುಗಳಿಗೂ ಇದೇ ಪಾಡು. ಮೊನ್ನೆ ನಡೆದದ್ದು ಇವತ್ತು ನಡೆಯುವುದಿಲ್ಲ, ವಯರನ್ನು ಅಲ್ಲಾಡಿಸಿದರೆ ನಡೆಯುತ್ತದೆ ಅಂತಾದರೆ ಅಲ್ಲಿ ಕ್ಲಿಪ್ಪು ಕಪ್ಪಾಗಿರುತ್ತದೆ. ಮೀಟರನ್ನು ಬೀಪ್‌ಗೆ ಇಟ್ಟು ವಯರ್ ಅಲ್ಲಾಡಿಸುತ್ತಾ ಕೇಳಿ. ಬೀಪ್ ಕಡಿದು ಕಡಿದು ಬಂದರೆ ಆ ಜಾಗ ಬಿಟ್ಟು ಬೇರೆ ಸಾಲಿಗೆ ಹೋಗಿ. ಒಂದು ಬೋರ್ಡ್ ಕೆಲಸ ಮಾಡುತ್ತದೆ ಅಂತ ಖಾತ್ರಿಯಾದ ಮೇಲೆ ಸೋಲ್ಡರ್ ಮಾಡಿ, ಮೇಲೆ ವಾರ್ನಿಶ್ ಬಳಿಯುವುದು ನಮ್ಮ ಊರಿನಲ್ಲಿ ಅಗತ್ಯ.

ಜಾಯಿಂಟುಗಳನ್ನು ಕತ್ತರಿಸಿ, ಹೊಳೆಯುವ ತಾಮ್ರ ಸಿಗುವವರೆಗೆ ವಯರ್ ಸುಲಿದು, ಬೇರೆ ಬೇರೆಯಾಗಿ ಸೋಲ್ಡರ್ ಮಾಡಿ, ಒಂದೊಂದಕ್ಕೂ ಬಿಸಿಗೆ ಕುಗ್ಗುವ ಪ್ಲಾಸ್ಟಿಕ್ ಕೊಳವೆ ಹಾಕಿದೆವು. ಎರಡು ಜಾಯಿಂಟುಗಳೂ ಒಂದೇ ಜಾಗದಲ್ಲಿ ಬರದ ಹಾಗೆ ಒಂದನ್ನು ಮೇಲೆ, ಒಂದನ್ನು ಕೆಳಗೆ ಮಾಡಿದೆವು.

ಇಷ್ಟಕ್ಕೇ ಬಿಟ್ಟಿದ್ದರೆ ಮುಂದಿನ ಮಳೆಗೆ ಮತ್ತೆ ಅದೇ ತೊಂದರೆ ಬರಬಹುದಿತ್ತು. ಈ ಸರ್ಕ್ಯೂಟಿನಲ್ಲಿ ಒಂದು ಕೊರತೆ ಇತ್ತು. ಬೇಸ್‌ಗೆ ಬಂದ ಯಾವ ಸಣ್ಣ ಸೋರಿಕೆಗೂ ಬೇರೆ ದಾರಿ ಇರಲಿಲ್ಲ, ಪೂರ್ತಿ ಟ್ರಾನ್ಸಿಸ್ಟರನ್ನೇ ಸೇರುತ್ತಿತ್ತು. ಬೇಸ್ ಮತ್ತು ಎಮಿಟರ್ ನಡುವೆ 22 ಕಿಲೋ ಓಮ್‌ನ ಒಂದು ರೆಸಿಸ್ಟರ್ ಹಾಕಿದೆವು. ಬೇಸ್ 0.6 ವೋಲ್ಟ್ ತಲುಪಬೇಕಾದರೆ ಈಗ ಈ ರೆಸಿಸ್ಟರೇ 27 ಮೈಕ್ರೋ ಆಂಪಿಯರ್ ಕುಡಿಯುತ್ತದೆ. ಸೋರುವ 20 ಅದಕ್ಕೇ ಸಾಲುವುದಿಲ್ಲ, ಬೇಸ್ 0.45ರ ಹತ್ತಿರ ನಿಂತುಬಿಡುತ್ತದೆ. ಹಳೇ ಒದ್ದೆ ಜಾಯಿಂಟನ್ನು ಪರೀಕ್ಷೆಗೆ ಅಂತಲೇ ಮತ್ತೆ ಜೋಡಿಸಿ ನೋಡಿದೆವು. ಬಝರ್ ಮಾತಾಡಲಿಲ್ಲ. ನಿಜವಾಗಿ ನೀರು ಮುಟ್ಟಿದಾಗ ಬರುವುದು ನೂರಕ್ಕೂ ಜಾಸ್ತಿ ಮೈಕ್ರೋ ಆಂಪಿಯರ್. ಅದರಲ್ಲಿ 27 ಕಳೆದರೂ ಕೂಗಲು ಧಾರಾಳ ಉಳಿಯುತ್ತದೆ.

ಮಳೆಗಾಲದಲ್ಲಿ ಬಾವಿಯ ನೀರಿನ ಗುಣವೂ ಬದಲಾಗುತ್ತದೆ. ಹೊಳೆ, ಅಳಿವೆಯ ಹತ್ತಿರದ ಬಾವಿಗಳಲ್ಲಿ ಬೇಸಿಗೆಯಲ್ಲಿ ನೀರು ಸ್ವಲ್ಪ ಉಪ್ಪಾಗುತ್ತದೆ. ಉಪ್ಪು ನೀರಿನಲ್ಲಿ ಕರೆಂಟ್ ಸಲೀಸಾಗಿ ಹರಿಯುತ್ತದೆ. ಮಳೆ ನೀರು ಸೇರಿದ ಮೇಲೆ ತಡೆ ಹೆಚ್ಚುತ್ತದೆ. ಆದ್ದರಿಂದ 22ಕ್ಕಿಂತ ತೀರಾ ಕಡಿಮೆ ರೆಸಿಸ್ಟರ್ ಹಾಕಿದರೆ ಆಗಸ್ಟಿನಲ್ಲಿ ಟ್ಯಾಂಕಿ ತುಂಬಿದರೂ ಅಲಾರಂ ಕೂಗದೇ ಇರಬಹುದು. ಬಕೆಟಿನಲ್ಲಿ ನಿಮ್ಮದೇ ಬಾವಿಯ ನೀರು ಹಿಡಿದು ಪರೀಕ್ಷೆ ಮಾಡಿ ಬೆಲೆ ಆರಿಸಿ.

ವಿದ್ಯುತ್ತನ್ನು ತುಂಬಿಟ್ಟುಕೊಳ್ಳುವ ಕೆಪಾಸಿಟರ್ ಅನ್ನುವ ಬಿಡಿಭಾಗದ ಬಗ್ಗೆ ಇಲ್ಲಿ ಹೇಳಲಿಲ್ಲ, ಈ ಸರ್ಕ್ಯೂಟಿನಲ್ಲಿ ಅದಿಲ್ಲ. ಆದರೆ ಅಡಾಪ್ಟರ್, ರೇಡಿಯೋ ಕೆಟ್ಟಾಗ ಮೊದಲು ನೋಡಬೇಕಾದದ್ದು ಅದನ್ನೇ. ತಲೆ ಉಬ್ಬಿದ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಕಂಡರೆ ಬದಲಾಯಿಸಿ. ಬದಿಯಲ್ಲಿ ಪಟ್ಟಿ ಇರುವ ಕಾಲು ಮೈನಸ್, ಉಲ್ಟಾ ಹಾಕಿದರೆ ಸಿಡಿಯುತ್ತದೆ. ಫ್ಯಾನ್ ನಿಧಾನಕ್ಕೆ ತಿರುಗುವುದಕ್ಕೂ ಹೆಚ್ಚಿನ ಸಲ ಅದರ ಕೆಪಾಸಿಟರ್ ಸೊರಗಿರುವುದೇ ಕಾರಣ. ಆದರೆ ಅದು 230 ವೋಲ್ಟಿನ ಜಾಗ. ಗೋಡೆಯ ಪ್ಲಗ್ಗಿಗೆ ಹಾಕುವ ಅಡಾಪ್ಟರಿನ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ 325 ವೋಲ್ಟ್ ತನಕ ತುಂಬಿರುತ್ತದೆ, ಪ್ಲಗ್ ಕಿತ್ತ ಮೇಲೂ ಉಳಿದಿರಬಹುದು. ಬ್ಯಾಟರಿಯ ಸರ್ಕ್ಯೂಟುಗಳಲ್ಲಿ ಕೈ ಪಳಗುವವರೆಗೆ ಅದನ್ನು ಬಿಚ್ಚಬೇಡಿ. ಒದ್ದೆ ನೆಲದ ಮೇಲೆ, ಬರಿಗಾಲಿನಲ್ಲಿ ಅಂತೂ ಬೇಡವೇ ಬೇಡ.

ಅಲಾರಂ ಅಕ್ಟೋಬರಿನಲ್ಲಿ ಇನ್ನೊಮ್ಮೆ ನಿಂತಿತು. ಈ ಸಲ ಕೂಗುವುದೇ ಇಲ್ಲ. ಹುಡುಗ ನಮ್ಮ ಮನೆಗೆ ಬರಲಿಲ್ಲ, ಮೀಟರ್ ತೆಗೆದುಕೊಂಡು ತಾನೇ ಕೂತ. ಒದ್ದೆ ಬೆರಳಿನಿಂದ ಡಬ್ಬಿಯ ಎರಡು ಟರ್ಮಿನಲ್ ಮುಟ್ಟಿದಾಗ ಬಝರ್ ಕೂಗಿತು. ಡಬ್ಬಿ ಸರಿ ಅಂತ ನೇರ ಟ್ಯಾಂಕಿಗೆ ಹೋದ. ನೀರಿನಲ್ಲಿದ್ದ ಎರಡು ತಾಮ್ರದ ತುದಿಗಳಲ್ಲಿ ಪ್ಲಸ್ ಕಡೆಯದು ಸವೆದು ನೂಲಿನ ಹಾಗಾಗಿತ್ತು, ಮೈನಸ್ ಕಡೆಯದು ಗಟ್ಟಿಯಾಗಿಯೇ ಇತ್ತು. ಒಂದೇ ದಿಕ್ಕಿನ ಕರೆಂಟ್ ನೀರಿನಲ್ಲಿ ಹರಿದಾಗ ಪ್ಲಸ್ ತುದಿಯ ತಾಮ್ರ ಕರಗುತ್ತಾ ಹೋಗುತ್ತದೆ. ಎರಡು ಸ್ಟೀಲ್ ಬೋಲ್ಟುಗಳನ್ನು ತಂದು ಹಾಕಿದ. ಪಂಪು ಹಾಕುವಾಗ ಮಾತ್ರ ಅಲಾರಂ ಆನ್ ಆಗುವ ಹಾಗೆ ಒಂದು ಸ್ವಿಚ್ಚೂ ಸೇರಿಸಿದ.

ಡಬ್ಬಿಯ ಮುಚ್ಚಳದ ಒಳಗೆ ಅವನು ಮಾರ್ಕರ್ ಪೆನ್ನಿನಲ್ಲಿ ನಾಲ್ಕು ಅಂಕಿ ಬರೆದಿಟ್ಟಿದ್ದಾನೆ. ಖಾಲಿ ಇರುವಾಗ ಬೇಸ್ 0, ಕಲೆಕ್ಟರ್ 8.6. ಕೂಗುವಾಗ ಬೇಸ್ 0.7, ಕಲೆಕ್ಟರ್ 0.1. ಎಲ್ಲವೂ ಸರಿಯಾಗಿ ನಡೆಯುತ್ತಿದ್ದ ದಿನ ಅಳೆದ ಅಂಕಿಗಳು ಅವು.